ಅಟ್ಟದ ಮೇಲಿನ ವಾಲ್ವ್ ರೇಡಿಯೊ: ಮಾಡಿಸುವುದಾ, ಮಾರುವುದಾ, ಬಿಚ್ಚುವುದಾ?

ಪ್ಲಗ್‌ಗೆ ಹಾಕಿ ನೋಡಬೇಡಿ. ಉಳಿದ ಮಾತೆಲ್ಲ ಆಮೇಲೆ.

ಧಾರವಾಡದಲ್ಲಿ ಹಳೆ ವಾಡೆ ಕೆಡವುವಾಗ, ಹುಬ್ಬಳ್ಳಿಯಲ್ಲಿ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ, ಗದಗ-ಬೆಟಗೇರಿ ಕಡೆ ಅಟ್ಟ ಸ್ವಚ್ಛ ಮಾಡುವಾಗ ಒಂದು ಮರ್ಫಿ, ಇಲ್ಲಾ ಫಿಲಿಪ್ಸ್, ಇಲ್ಲಾ ಬುಷ್ ರೇಡಿಯೊ ಸಿಗುವುದುಂಟು. ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಧೂಳು ಒರೆಸಿ, ವೈರ್ ಚುಚ್ಚಿ, "ಹಾಡ್ತದೇನು ನೋಡೂಣು" ಅನ್ನುವುದು. ಆದರೆ ದಶಕಗಟ್ಟಲೆ ಸುಮ್ಮನೆ ಕೂತ ಸೆಟ್‌ನಲ್ಲಿ ಕಂಡೆನ್ಸರ್‌ಗಳು (ಕರೆಂಟ್ ಹಿಡಿದಿಟ್ಟುಕೊಳ್ಳುವ ಸಣ್ಣ ಬಿಡಿಭಾಗಗಳು) ಒಣಗಿ, ಲೀಕ್ ಆಗಿ ಹಾಳಾಗಿರುತ್ತವೆ. ಏಕಾಏಕಿ 230 ವೋಲ್ಟ್ ಕೊಟ್ಟರೆ ಅವುಗಳ ಜೊತೆಗೆ ಟ್ರಾನ್ಸ್‌ಫಾರ್ಮರ್ ಕೂಡ ಸುಟ್ಟು ಹೋಗಬಹುದು. ಆಗ ಸುಲಭವಾಗಿ ರಿಪೇರಿ ಆಗುತ್ತಿದ್ದ ರೇಡಿಯೊ ಎರಡೇ ನಿಮಿಷದಲ್ಲಿ ಬಿಚ್ಚಿ ಮಾರುವ ರೇಡಿಯೊ ಆಗುತ್ತದೆ. ಹಳೆಯ ರಬ್ಬರ್ ವೈರ್ ಬೇರೆ, ಬಗ್ಗಿಸಿದರೆ ಸಾಕು ಪುಡಿಪುಡಿಯಾಗಿ ಉದುರುತ್ತದೆ.

ಹಾಡುತ್ತದೋ ಇಲ್ಲವೋ ಅನ್ನುವುದು ನನ್ನ ಲೆಕ್ಕದಲ್ಲಿ ಕೊನೆಯ ಪ್ರಶ್ನೆ. ಮೊದಲು ನೋಡಬೇಕಾದ್ದು, ಪೇಟೆಯಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದಂಥ ಸಾಮಾನು ಇದರಲ್ಲಿ ಏನೇನು ಗಟ್ಟಿಯಾಗಿ ಉಳಿದಿದೆ ಅಂತ. ಕಂಡೆನ್ಸರ್ ಸಿಗುತ್ತದೆ, ರೆಸಿಸ್ಟರ್ ಸಿಗುತ್ತದೆ, ಡಯಲ್ ದಾರ ಸಿಗುತ್ತದೆ, ಹುಡುಕಿದರೆ ವಾಲ್ವ್ (ಬಲ್ಬಿನಂಥ ಗಾಜಿನ ಕೊಳವೆ) ಕೂಡ ಸಿಗುತ್ತದೆ. ಸಿಗದೇ ಇರುವುದು ಡಯಲ್ ಗಾಜು, ಒಳ್ಳೆಯ ಕ್ಯಾಬಿನೆಟ್, ಅದೇ ಮಾಡೆಲ್‌ನ ಗುಂಡಿಗಳು, ಅದಕ್ಕೆ ಸರಿಹೊಂದುವ ಟ್ರಾನ್ಸ್‌ಫಾರ್ಮರ್. ಇವು ಚೆನ್ನಾಗಿದ್ದರೆ ಮೂಕ ರೇಡಿಯೊ ಕೂಡ ಒಳ್ಳೆಯ ರೇಡಿಯೊ. ಇವು ಹೋಗಿದ್ದರೆ ಹಾಡುವ ರೇಡಿಯೊ ಕೂಡ ಬಿಡಿಭಾಗಗಳ ಡಬ್ಬಿ.

ಡಯಲ್ ಗಾಜಿನಿಂದ ಶುರು ಮಾಡಿ. ಕೊಲಂಬೊ, ದಿಲ್ಲಿ, ಕಲ್ಕತ್ತಾ, ಲಂಡನ್ ಅಂತ ಊರ ಹೆಸರು ಇರುತ್ತವಲ್ಲ, ಅವು ಸಾಮಾನ್ಯವಾಗಿ ಗಾಜಿನ ಹಿಂಬದಿಗೆ ಬಣ್ಣದಲ್ಲಿ ಅಚ್ಚಾಗಿರುತ್ತವೆ. ಹಿಂದಿನಿಂದ ಒದ್ದೆ ಬಟ್ಟೆ ಹಾಕಿ ಉಜ್ಜಿದರೆ ಲಂಡನ್ ನಿಮ್ಮ ಬಟ್ಟೆಗೆ ಹತ್ತಿಕೊಂಡು ಬರುತ್ತದೆ, ಮತ್ತೆ ವಾಪಸ್ ಹೋಗುವುದಿಲ್ಲ. ಮುಂದಿನ ಭಾಗ ಮಾತ್ರ ಒರೆಸಿ. ಹಿಂದಕ್ಕೆ ಮೆತ್ತನೆಯ ಒಣ ಬ್ರಷ್ ಸಾಕು. ಸೋಪಿನ ನೀರು, ಸ್ಪಿರಿಟ್, ಗಾಜು ಒರೆಸುವ ಸ್ಪ್ರೇ ಯಾವುದೂ ಬೇಡ. ಗಾಜು ಒಡೆದಿದ್ದರೆ ಅಥವಾ ಅಕ್ಷರ ಅರ್ಧ ಹೋಗಿದ್ದರೆ, ಮಾರುವ ಲೆಕ್ಕದಲ್ಲಿ ಅದು ದೊಡ್ಡ ಪೆಟ್ಟು. ಮನೆಯಲ್ಲಿ ಇಟ್ಟುಕೊಳ್ಳುವುದಾದರೆ ಅಷ್ಟೇನೂ ಅಲ್ಲ.

ಕ್ಯಾಬಿನೆಟ್ ಕಟ್ಟಿಗೆಯದ್ದಾದರೆ ತಳ ಮತ್ತು ಹಿಂದಿನ ಅಂಚು ನೋಡಿ. ಗೆದ್ದಲು ಮುಂದಿನಿಂದ ಕಾಣುವುದಿಲ್ಲ. ಬೆರಳಿನಿಂದ ಒತ್ತಿದಾಗ ಟೊಳ್ಳು ಅನ್ನಿಸಿದರೆ, ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಹುಳ ಒಳಗೆ ಕೆಲಸ ಮಾಡಿದೆ ಅಂತ. ಮೇಲಿನ ವೆನೀರ್ (ತೆಳು ಕಟ್ಟಿಗೆ ಪದರ) ಎದ್ದಿದ್ದರೆ ಹೆದರಬೇಡಿ, ಫೆವಿಕಾಲ್ ಹಾಕಿ ಕ್ಲ್ಯಾಂಪ್ ಮಾಡಿ ಕೂರಿಸಬಹುದು. ವೆನೀರ್ ತುಂಡೇ ಹೋಗಿದ್ದರೆ ಹಳೆ ಫ್ರೆಂಚ್ ಪಾಲಿಶ್ ಬಲ್ಲ ಬಡಿಗೇರರು ಬೇಕು, ಅಂಥವರು ಹಾವೇರಿ, ರಾಣೆಬೆನ್ನೂರ ಕಡೆ ವಿಚಾರಿಸಿದರೆ ಇನ್ನೂ ಸಿಕ್ಕಾರು. ಬೇಕೆಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್) ಕ್ಯಾಬಿನೆಟ್ ಆದರೆ ಬಿರುಕು ಹುಡುಕಿ. ಮಂಕಾಗಿದ್ದರೆ ಪಾಲಿಶ್ ಹಾಕಿ ಹೊಳಪು ತರಬಹುದು, ಬಿರುಕು ಮುಚ್ಚುವುದು ಕಷ್ಟ. ಒಂದು ವಿನಂತಿ: ಕಟ್ಟಿಗೆ ಕ್ಯಾಬಿನೆಟ್‌ಗೆ ಬಾಗಿಲಿಗೆ ಬಳಿಯುವ ಪೇಂಟ್ ಬಳಿಯಬೇಡಿ. ಮಾರಾಟಕ್ಕೆ ಅಂತ ತಂದ ಸೆಟ್‌ಗಳಲ್ಲಿ ಇದನ್ನು ನೋಡಿ ನೋಡಿ ಬೇಜಾರಾಗಿದೆ.

ಈಗ ಹಿಂದಿನ ರಟ್ಟು ಬಿಚ್ಚಿ. ಇಲಿ ಗೂಡು ಇರುವುದು ಸಾಮಾನ್ಯ, ಆದ್ದರಿಂದ ಕೈಗೆ ಗ್ಲೋವ್ಸ್, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಕೆಲವು ಸೆಟ್‌ಗಳಲ್ಲಿ ಬಿಸಿ ತಡೆಯಲು ಆಸ್ಬೆಸ್ಟಾಸ್ ಹಾಳೆ ಹಾಕಿರುತ್ತಾರೆ, ಬೂದು-ಬಿಳಿ ಬಣ್ಣದ ರಟ್ಟಿನಂಥದ್ದು ಕಂಡರೆ ಕೆರೆಯಬೇಡಿ, ಊದಬೇಡಿ. ಇಲಿ ಉಚ್ಚೆ ಬಿದ್ದ ಚಾಸಿಸ್ (ಸಾಮಾನೆಲ್ಲ ಕೂರಿಸಿದ ತಗಡಿನ ತಳ) ತುಕ್ಕು ತಿಂದಿರುತ್ತದೆ, ಕಾಯಿಲ್‌ಗಳ ಕೂದಲೆಳೆಯಂಥ ತಂತಿ ಹಸಿರಾಗಿ ತುಂಡಾಗಿರುತ್ತದೆ. ಬರೀ ಧೂಳಾದರೆ ಏನೂ ಚಿಂತೆಯಿಲ್ಲ, ನಮ್ಮ ಕಡೆಯ ಒಣ ಹವೆ ರೇಡಿಯೊಗಳಿಗೆ ಒಂದು ರೀತಿ ಪುಣ್ಯ. ಕರಾವಳಿಯಿಂದ ಬಂದ ಸೆಟ್‌ಗೂ ಗದಗಿನ ಅಟ್ಟದಿಂದ ಇಳಿದ ಸೆಟ್‌ಗೂ ಚಾಸಿಸ್ ನೋಡಿದರೇ ಫರಕು ಗೊತ್ತಾಗುತ್ತದೆ.

ಇಲ್ಲಿ ಸಾದಾ ಮಲ್ಟಿಮೀಟರ್ ಸಾಕು. ಪ್ಲಗ್ ಗೋಡೆಯಲ್ಲಿ ಇಲ್ಲ, ಆದರೆ ರೇಡಿಯೊದ ಸ್ವಿಚ್ ಆನ್. ಪ್ಲಗ್‌ನ ಎರಡು ಪಿನ್ ನಡುವೆ ಓಮ್ ನೋಡಿ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ ಆದರೆ ಹತ್ತಾರು ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಮೊದಲು ವೈರ್, ಫ್ಯೂಸ್, ಸ್ವಿಚ್ ನೋಡಿ, ಅವು ಸರಿಯಿದ್ದರೆ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (ಕರೆಂಟ್ ಬರುವ ಕಡೆಯ ಸುತ್ತು) ಕಟ್ಟಾಗಿದೆ ಅಂತ ತಿಳಿಯಿರಿ. ಸ್ಪೀಕರ್ ಹತ್ತಿರದ ಸಣ್ಣ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ವಾಲ್ವ್ ಕಡೆಯ ಸುತ್ತು ಕೆಲವು ನೂರು ಓಮ್ ಇರಬೇಕು. ಸ್ಪೀಕರ್‌ಗೆ ಒಂದು ಪೆನ್ಸಿಲ್ ಸೆಲ್ ಮುಟ್ಟಿಸಿದರೆ ಕಟ್ ಅಂತ ಸದ್ದು ಬರಬೇಕು. ಎರಡೂ ಟ್ರಾನ್ಸ್‌ಫಾರ್ಮರ್ ಹೋಗಿದ್ದರೆ ನನ್ನ ಸಲಹೆ ಸ್ಪಷ್ಟ: ಮಾಡಿಸಬೇಡಿ, ಬಿಚ್ಚಿ. "ಮೋಟಾರ್ ರಿವೈಂಡಿಂಗ್ ಅಂಗಡಿ ಎಲ್ಲ ಕಡೆ ಇದೆಯಲ್ಲ" ಅನ್ನುತ್ತೀರಿ. ಪಂಪ್‌ಸೆಟ್ ಮೋಟಾರ್ ಸುತ್ತುವವರು ಬೇರೆ, ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಪದರದ ಮಧ್ಯೆ ಕಾಗದ ಇಟ್ಟು ಸುತ್ತುವವರು ಬೇರೆ.

ವಾಲ್ವ್‌ಗಳ ಮೇಲಿನ ಅಕ್ಷರ ಓದಿ, ಅದರಿಂದ ಅರ್ಧ ಜಾತಕ ಸಿಗುತ್ತದೆ. ಇಸಿಎಚ್ 81, ಇಬಿಎಫ್ 89, ಇಎಲ್ 84, ಇಝಡ್ 80 ಹೀಗೆ 'ಇ'ಯಿಂದ ಶುರುವಾದರೆ 6.3 ವೋಲ್ಟ್ ಫಿಲಮೆಂಟ್ (ವಾಲ್ವ್ ಒಳಗೆ ಕಾಯುವ ತಂತಿ), ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್ ಇರುವ ಎಸಿ ಸೆಟ್. ಯುಸಿಎಚ್ 81, ಯುಸಿಎಲ್ 82, ಯುವೈ 85 ಹೀಗೆ 'ಯು' ಇದ್ದರೆ ಎಸಿ-ಡಿಸಿ ಸೆಟ್, ಅಂದರೆ ಎರಡೂ ಬಗೆಯ ಕರೆಂಟಿನಲ್ಲಿ ನಡೆಯುವಂಥದ್ದು. ಇದರಲ್ಲಿ ವಾಲ್ವ್‌ಗಳ ಫಿಲಮೆಂಟ್ ಎಲ್ಲ ಸಾಲಾಗಿ ಜೋಡಿಸಿರುತ್ತದೆ, ಒಂದು ಹೋದರೆ ಎಲ್ಲ ಕತ್ತಲೆ. 'ಡಿ' ಇದ್ದರೆ, ಅಂದರೆ ಡಿಕೆ 96, ಡಿಎಲ್ 96 ಇಂಥವು, ಬ್ಯಾಟರಿ ಸೆಟ್. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಿಂದ ರೇಡಿಯೊ ವಾಲ್ವ್ ತಯಾರಿಸಿತು, ಆದ್ದರಿಂದ ಫಿಲಿಪ್ಸ್ ಸೆಟ್‌ನಲ್ಲಿ ಬಿಇಎಲ್ ವಾಲ್ವ್ ಕಂಡರೆ ಯಾರೋ ನಕಲಿ ಹಾಕಿದರು ಅಂದುಕೊಳ್ಳಬೇಡಿ.

ಎಸಿ-ಡಿಸಿ ಸೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಇದು ಪ್ರಾಣದ ವಿಷಯ. ಇದರಲ್ಲಿ ಕರೆಂಟಿನ ಒಂದು ವೈರ್ ನೇರ ಚಾಸಿಸ್‌ಗೇ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಸ್ 230 ವೋಲ್ಟ್‌ನಲ್ಲಿ ನಿಂತಿರುತ್ತದೆ. ಗುಂಡಿ ಬಿದ್ದುಹೋಗಿ ಬರೀ ಕಬ್ಬಿಣದ ಕಡ್ಡಿ ಉಳಿದಿದ್ದರೆ, ಸ್ಟೇಷನ್ ತಿರುಗಿಸಲು ಹೋದವರ ಕೈಗೆ ನೇರ ಲೈನ್. ಆಟೋ ಟ್ರಾನ್ಸ್‌ಫಾರ್ಮರ್ (ಎರಡು ಬೇರೆ ಸುತ್ತಿನ ಬದಲು ಒಂದೇ ಸುತ್ತು ಇರುವಂಥದ್ದು) ಹಾಕಿದ ಕೆಲವು ಸೆಟ್‌ಗಳೂ ಹೀಗೇ, ವಾಲ್ವ್ 'ಇ' ಆದರೂ ಚಾಸಿಸ್ ಲೈವ್. ಹಾಗಾಗಿ ಅಕ್ಷರ ನಂಬಿ ಕೂರಬೇಡಿ. ಪ್ಲಗ್ ಹೊರಗಿದ್ದಾಗ ಸ್ವಿಚ್ ಆನ್ ಇಟ್ಟು ಒಂದೊಂದೇ ಪಿನ್‌ಗೂ ಚಾಸಿಸ್‌ಗೂ ನಡುವೆ ಓಮ್ ಅಳೆಯಿರಿ. ಸೊನ್ನೆಯೋ, ಕೆಲವು ನೂರು ಓಮೋ ತೋರಿಸಿದರೆ ಅದು ಲೈವ್ ಚಾಸಿಸ್. ಮಕ್ಕಳಿರುವ ಮನೆಯಲ್ಲಿ ಇಂಥದ್ದನ್ನು ಓಡುವ ಸ್ಥಿತಿಯಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಇಡಲೇಬೇಕು ಅಂದರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಗೋಡೆಯ ಕರೆಂಟಿನಿಂದ ಸೆಟ್ ಅನ್ನು ಬೇರ್ಪಡಿಸುವಂಥದ್ದು) ಹಾಕಿಸಿ.

ಬ್ಯಾಟರಿ ಸೆಟ್‌ಗಳು ಹಳ್ಳಿಗೆ ಕರೆಂಟ್ ಬರುವ ಮೊದಲಿನ ಕಾಲದವು. ಒಂದೂವರೆ ವೋಲ್ಟ್ ಸುಮಾರಿನ ಫಿಲಮೆಂಟ್ ಬ್ಯಾಟರಿ ಒಂದು, 90 ವೋಲ್ಟ್‌ನ ದೊಡ್ಡ ಬ್ಯಾಟರಿ ಇನ್ನೊಂದು. ಆ ದೊಡ್ಡ ಬ್ಯಾಟರಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. 9 ವೋಲ್ಟ್‌ನ ಚೌಕ ಬ್ಯಾಟರಿ ಹತ್ತು ಸಾಲಾಗಿ ಜೋಡಿಸಿದರೆ 90 ಆಗುತ್ತದೆ, ಕೆಲಸವೂ ಮಾಡುತ್ತದೆ, ಆದರೆ ಕೈಗೆ ಹೊಡೆಯುವಷ್ಟು ಶಕ್ತಿ ಅದಕ್ಕೂ ಇದೆ. ಎರಡು ವೈರ್ ಅದಲು ಬದಲು ಆದರೆ ವಾಲ್ವ್‌ಗಳೆಲ್ಲ ಒಂದೇ ಕ್ಷಣದಲ್ಲಿ ಖಲಾಸ್. ಗೊತ್ತಿಲ್ಲದಿದ್ದರೆ ಮುಟ್ಟದೆ ಹಾಗೇ ಮಾರಿ.

ಇಷ್ಟು ನೋಡಿದ ಮೇಲೆ ಮಾಡಿಸಬೇಕು ಅಂತ ಅನ್ನಿಸಿದರೆ, ಕೆಲಸ ಏನಿರುತ್ತದೆ ಅಂತ ತಿಳಿದುಕೊಂಡು ಹೋಗಿ. ಮೊದಲು ಮೇನ್ಸ್ ವೈರ್ ಬದಲಿ, ಫ್ಯೂಸ್ ಹಾಕುವುದು. ಆಮೇಲೆ ಫಿಲ್ಟರ್ ಕಂಡೆನ್ಸರ್, ಮೇಣದ ಕಾಗದದ ಕಂಡೆನ್ಸರ್‌ಗಳೆಲ್ಲ ಬದಲಿ. ಇವುಗಳಲ್ಲಿ ಔಟ್‌ಪುಟ್ ವಾಲ್ವ್‌ನ (ಸ್ಪೀಕರ್ ನಡೆಸುವ ಕೊನೆಯ ವಾಲ್ವ್) ಗ್ರಿಡ್ ಪಿನ್‌ಗೆ ಹೋಗುವ ಕಪ್ಲಿಂಗ್ ಕಂಡೆನ್ಸರ್ ಒಂದನ್ನಂತೂ ಪರೀಕ್ಷೆ ಗಿರೀಕ್ಷೆ ಇಲ್ಲದೆ ಕಿತ್ತು ಹಾಕಿಸಿ. ಅದು ಸ್ವಲ್ಪವೇ ಲೀಕ್ ಆದರೂ ಔಟ್‌ಪುಟ್ ವಾಲ್ವ್ ಮಿತಿಮೀರಿ ಕರೆಂಟ್ ಎಳೆದು ಕೆಂಪಗಾಗುತ್ತದೆ, ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಹತ್ತಿಪ್ಪತ್ತು ರೂಪಾಯಿಯ ಸಾಮಾನು ಉಳಿಸಲು ಹೋಗಿ ಸಿಗದಿರುವ ಸಾಮಾನು ಕಳೆದುಕೊಂಡಂತೆ. ಕರೆಂಟಿನ ಎರಡು ವೈರ್ ನಡುವೆ ಅಡ್ಡ ಹಾಕಿದ ಕಂಡೆನ್ಸರ್ ಇದ್ದರೆ ಅದಕ್ಕೆ ಎಕ್ಸ್2 ಗುರುತಿನದ್ದೇ ಹಾಕಬೇಕು, ಸಾದಾ ನಡೆಯುವುದಿಲ್ಲ. ಹಿಂದೆ ವೋಲ್ಟೇಜ್ ಬದಲಿಸುವ ಟ್ಯಾಪ್ ಇದ್ದರೆ 230 ಅಥವಾ ಅದರ ಮೇಲಿನ ಸ್ಥಾನಕ್ಕೆ ಇಡಿ. ಕೆಲವು ಸೆಟ್ 110ರಲ್ಲೇ ಕೂತಿರುತ್ತವೆ.

ಮೊದಲ ಸಲ ಕರೆಂಟ್ ಕೊಡುವುದು ಸೀರೀಸ್ ಲ್ಯಾಂಪ್ ಮೂಲಕ ಮಾತ್ರ. ಹಳೆ ಹಳದಿ ಬಲ್ಬು, 40 ಅಥವಾ 60 ವ್ಯಾಟ್, ರೇಡಿಯೊಗೆ ಸಾಲಾಗಿ. ಎಲ್‌ಇಡಿ ಬಲ್ಬು ಇದಕ್ಕೆ ಬರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಸೆಟ್ ಆದರೆ ವಾಲ್ವ್‌ಗಳನ್ನೂ ಡಯಲ್ ಬಲ್ಬನ್ನೂ ತೆಗೆದು ಮೊದಲು ಕೊಡಿ, ಆಗ ಬಲ್ಬು ಹೆಚ್ಚುಕಮ್ಮಿ ಕತ್ತಲಾಗೇ ಇರಬೇಕು. ಉರಿದರೆ ಟ್ರಾನ್ಸ್‌ಫಾರ್ಮರ್ ಒಳಗೇ ಶಾರ್ಟ್. ವಾಲ್ವ್ ಹಾಕಿದ ಮೇಲೆ ಕೊಟ್ಟಾಗ ಮೊದಲು ಹೊಳೆದು ಆಮೇಲೆ ಮಂಕಾಗಬೇಕು. ಪೂರ್ತಿ ಬೆಳಗುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ. ಒಳಗೆ ಸುಮಾರು 250 ವೋಲ್ಟ್ ಡಿಸಿ ಓಡುತ್ತದೆ, ಆಫ್ ಮಾಡಿದ ಮೇಲೂ ಕಂಡೆನ್ಸರ್‌ನಲ್ಲಿ ಉಳಿದಿರುತ್ತದೆ. ಸೋಲ್ಡರ್ ಹಿಡಿದು ಅಭ್ಯಾಸ ಇಲ್ಲದವರು ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಹೋಗುವುದೇ ಒಳ್ಳೆಯದು.

ಮೆಕ್ಯಾನಿಕ್ ಎಲ್ಲಿ? ಟಿವಿ, ಮೊಬೈಲ್ ರಿಪೇರಿ ಹುಡುಗರು ಇದನ್ನು ನೋಡಿ ನಗುತ್ತಾರೆ. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಿನ ಸಂದಿಗಳಲ್ಲಿ, ಧಾರವಾಡದ ಹಳೆ ಪೇಟೆಯಲ್ಲಿ ಅಂಗಡಿ ಬೋರ್ಡ್ ನೋಡಬೇಡಿ, ವಯಸ್ಸಾದ ಎಲೆಕ್ಟ್ರಿಕ್ ಅಂಗಡಿಯವರನ್ನು ಕೇಳಿ. "ಕಾಕಾ, ವಾಲ್ವ್ ಸೆಟ್ ಮಾಡೋರು ಯಾರರ ಅದಾರೇನ್ರಿ?" ಅಂದರೆ ಒಬ್ಬರಿಂದ ಒಬ್ಬರಿಗೆ ದಾರಿ ಸಿಗುತ್ತದೆ. ಸಿಕ್ಕವರಿಗೆ ಎರಡು ಮಾತು ಮೊದಲೇ ಹೇಳಿ: ತೆಗೆದ ಹಳೆ ಸಾಮಾನೆಲ್ಲ ವಾಪಸ್ ಬೇಕು, ಹೊಸದಾಗಿ ತೂತು ಕೊರೆಯಬಾರದು. ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ. ಖರ್ಚಿನಲ್ಲಿ ಕಂಡೆನ್ಸರ್ ಪಾಲು ಕಡಿಮೆ, ಕೂಲಿ ಮತ್ತು ಪಾಲಿಶ್ ಪಾಲು ಜಾಸ್ತಿ. ಮಾರಿದಾಗ ಈ ಖರ್ಚು ಪೂರ್ತಿ ವಾಪಸ್ ಬರುತ್ತದೆ ಅಂತ ಇಟ್ಟುಕೊಳ್ಳಬೇಡಿ. ಲಾಭಕ್ಕೆ ಮಾಡಿಸುವ ಕೆಲಸ ಇದಲ್ಲ, ಕೇಳಬೇಕು ಅನ್ನುವ ಆಸೆಗೆ ಮಾಡಿಸುವುದು.

ಕೇಳುವುದೇನು ಅನ್ನುವುದನ್ನೂ ಯೋಚಿಸಿ. ಈ ಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಎಫ್‌ಎಂ ಇಲ್ಲ. ಮೀಡಿಯಂ ವೇವ್, ಶಾರ್ಟ್ ವೇವ್, ಅಷ್ಟೇ. ನಮ್ಮ ಭಾಗದವರಿಗೆ ಒಂದು ಸಮಾಧಾನ ಇದೆ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ 765 ಕಿಲೊಹರ್ಟ್ಸ್‌ನಲ್ಲಿದೆ. ಮೀಟರ್ ಲೆಕ್ಕದ ಡಯಲ್ ಆದರೆ 392ರ ಹತ್ತಿರ ಮುಳ್ಳು ತನ್ನಿ. ಶಾರ್ಟ್ ವೇವ್ ಮೇಲೆ ಮಾತ್ರ ಆಸೆ ಬೇಡ, ಬಿಬಿಸಿ ಹಿಂದಿ ಕೂಡ 2020ರ ಜನವರಿಯಲ್ಲಿ ಅದನ್ನು ನಿಲ್ಲಿಸಿತು. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲ ಸೇರಿ ಮೀಡಿಯಂ ವೇವ್‌ನಲ್ಲಿ ಗೊರಗೊರ ಎಬ್ಬಿಸುತ್ತವೆ. ಮಾಳಿಗೆ ಮೇಲೆ ಒಂದು ಉದ್ದ ಏರಿಯಲ್ ವೈರ್ ಎಳೆದರೆ ಬಹಳ ಸುಧಾರಿಸುತ್ತದೆ. ಮಳೆ-ಸಿಡಿಲಿನ ದಿನ ಅದನ್ನು ಕಳಚಿಡಿ.

ಇನ್ನು ಹಿಂದೆ 'ಪಿಕಪ್' ಅಥವಾ 'ಗ್ರಾಮ್' ಅಂತ ಎರಡು ತೂತು ಇದ್ದರೆ ಮೊಬೈಲ್ ಹಾಡನ್ನೂ ಅಲ್ಲಿಗೆ ಕೊಡಬಹುದು. ವಾಲ್ವ್‌ನಿಂದ ಬರುವ ಆ ಮಂದ್ರ ದನಿಯಲ್ಲಿ ಮಲ್ಲಿಕಾರ್ಜುನ ಮನಸೂರರ ರಾಗ ಕೇಳಬೇಕು, ಆಹಾ. ಆದರೆ ಇದು ಚಾಸಿಸ್ ಲೈವ್ ಅಲ್ಲದ ಟ್ರಾನ್ಸ್‌ಫಾರ್ಮರ್ ಸೆಟ್‌ಗೆ ಮಾತ್ರ. ಲೈವ್ ಚಾಸಿಸ್ ಸೆಟ್‌ಗೆ ಮೊಬೈಲ್ ಜೋಡಿಸಿದರೆ ಮೊಬೈಲೂ ಲೈವ್, ಅದನ್ನು ಹಿಡಿದವರೂ ಲೈವ್.

ಮಾಡಿಸದೆ, ಮಾರದೆ ಹಾಗೇ ಇಡುವುದಕ್ಕೂ ಏನೂ ಅಡ್ಡಿಯಿಲ್ಲ. ಅಪ್ಪ ವಾರ್ತೆ ಕೇಳುತ್ತಿದ್ದ ಸೆಟ್ ಅಂತ ಪಡಸಾಲೆಯ ಮಾಡದಲ್ಲಿ ಇಡುವವರು ಇದ್ದಾರೆ. ಹಾಗಾದರೆ ಧೂಳು ಹೊಡೆದು, ಪ್ಲಗ್ ಕತ್ತರಿಸಿ ಇಡಿ. ಮನೆಗೆ ಬಂದ ಅಳಿಯನೋ ಮೊಮ್ಮಗನೋ ಉತ್ಸಾಹದಿಂದ ಚುಚ್ಚದಂತೆ.

ಮಾರುವ ವಿಷಯ. ಮೊದಲಿಗೆ 'ಆಂಟಿಕ್' ಭ್ರಮೆ ಬಿಡಿ. ಪುರಾತನ ವಸ್ತುಗಳ 1972ರ ಕಾಯ್ದೆ ಪ್ರಕಾರ ಇಂಥ ವಸ್ತು ಪುರಾತನ ಅನ್ನಿಸಿಕೊಳ್ಳಲು ನೂರು ವರ್ಷ ಆಗಿರಬೇಕು. ನಮ್ಮ ದೇಶದಲ್ಲಿ ಬಾಂಬೆಯಲ್ಲಿ ಪ್ರಸಾರ ಕಂಪನಿ ಶುರುವಾದದ್ದೇ 1927ರಲ್ಲಿ, ನಿಮ್ಮ ಅಟ್ಟದ ಮರ್ಫಿ ಬಂದದ್ದು ಅದಕ್ಕಿಂತ ಎಷ್ಟೋ ವರ್ಷ ಆಮೇಲೆ. ಮರ್ಫಿ, ಫಿಲಿಪ್ಸ್‌ನ ಸಾಮಾನ್ಯ ಮಾಡೆಲ್‌ಗಳು ಬಹಳ ಮಾರಾಟವಾದಂಥವು, ಅಪರೂಪ ಅಲ್ಲ. ಆನ್‌ಲೈನ್‌ನಲ್ಲಿ ಲಕ್ಷ ಕೇಳುವವರನ್ನು ನೋಡಿ ಬೆಲೆ ಕಟ್ಟಬೇಡಿ. ಕೇಳುವ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ. ಅದೇ ಜಾಹೀರಾತು ತಿಂಗಳುಗಟ್ಟಲೆ ಹಾಗೇ ಇದ್ದರೆ ಆ ಬೆಲೆಗೆ ಯಾರೂ ಕೊಂಡಿಲ್ಲ ಅಂತಲೇ ಅರ್ಥ. ಇತ್ತ ಗುಜರಿಯವರು "ಇದ್ರಾಗ ಏನ್ ಐತ್ರಿ, ಬರೇ ಕಟ್ಟಿಗಿ" ಅಂತ ತೂಕಕ್ಕೆ ಕೇಳುತ್ತಾರೆ, ಅದಕ್ಕೂ ಸೋಲಬೇಡಿ.

ಬೆಲೆ ಏರಿಸುವುದು ಪೂರ್ಣತೆ. ಎಲ್ಲ ಗುಂಡಿ, ಹಿಂದಿನ ರಟ್ಟು, ಮಾಡೆಲ್ ಚೀಟಿ, ಒಡೆಯದ ಗಾಜು, ಸ್ಟೇಷನ್ ಸರಿಯಾಗಿ ಹತ್ತಿದ್ದು ತೋರಿಸುವ ಹಸಿರು ಬೆಳಕಿನ ವಾಲ್ವ್ ಮ್ಯಾಜಿಕ್ ಐ. ಆ ಕಾಲದಲ್ಲಿ ರೇಡಿಯೊ ಇಡಲು ಪೋಸ್ಟಾಫೀಸಿನ ಲೈಸೆನ್ಸ್ ಬೇಕಿತ್ತು, ಆ ಪುಸ್ತಕ ಅಥವಾ ಅಂಗಡಿಯ ಬಿಲ್ ಸಿಕ್ಕರೆ ರೇಡಿಯೊ ಜೊತೆಗೇ ಕೊಡಿ, ಸಂಗ್ರಹ ಮಾಡುವವರಿಗೆ ಅದು ಬಲು ಇಷ್ಟ. ಮಾರುವ ಸೆಟ್‌ಗೆ ಪಾಲಿಶ್ ಮಾಡಿಸಬೇಡಿ, ರಿಪೇರಿಯನ್ನೂ ಮಾಡಿಸಬೇಡಿ. ಗೊತ್ತಿರುವವರು ಮುಟ್ಟದ ಸೆಟ್‌ಗೇ ಒಳ್ಳೆಯ ಬೆಲೆ ಕೊಡುತ್ತಾರೆ. ಹಿಂಭಾಗ, ಚಾಸಿಸ್, ವಾಲ್ವ್ ನಂಬರ್ ಎಲ್ಲ ಕಾಣುವ ಫೋಟೊ ಹಾಕಿ, "ಕರೆಂಟ್ ಕೊಟ್ಟು ನೋಡಿಲ್ಲ" ಅಂತ ಸ್ಪಷ್ಟವಾಗಿ ಬರೆಯಿರಿ. ದುಡ್ಡು ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅಂದವರ ನಂಬರ್ ಬ್ಲಾಕ್ ಮಾಡಿ. ದುಡ್ಡು ಬರುವುದಕ್ಕೆ ನಾವು ಸ್ಕ್ಯಾನ್ ಮಾಡಬೇಕಿಲ್ಲ.

ಪಾರ್ಸೆಲ್ ಕಳಿಸುವಾಗ ವಾಲ್ವ್‌ಗಳನ್ನು ತೆಗೆದು, ಯಾವುದು ಎಲ್ಲಿತ್ತು ಅಂತ ಫೋಟೊ ತೆಗೆದು, ಒಂದೊಂದನ್ನೇ ಸುತ್ತಿ ಬೇರೆ ಡಬ್ಬಿಯಲ್ಲಿಡಿ. ಡಬ್ಬಿಯೊಳಗೆ ಡಬ್ಬಿ, ನಡುವೆ ಥರ್ಮೊಕೋಲ್. ಆದರೂ ಆದಷ್ಟು ಕೈಯಿಂದ ಕೈಗೆ ಕೊಡುವುದೇ ಮೇಲು, ಬಸ್ಸಿನ ಟಾಪ್‌ನಿಂದ ಇಳಿಸುವಾಗ ಗಾಜು ಅಂತ ಬರೆದದ್ದನ್ನು ಯಾರೂ ಓದುವುದಿಲ್ಲ.

ಒಂದು ಜಗಳದ ವಿಷಯ: ಒಳಗಿನದ್ದೆಲ್ಲ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸುವುದು. ಟ್ರಾನ್ಸ್‌ಫಾರ್ಮರ್ ಹೋಗಿ, ಚಾಸಿಸ್ ತುಕ್ಕು ತಿಂದು, ಕ್ಯಾಬಿನೆಟ್ ಮಾತ್ರ ಚೆನ್ನಾಗಿದ್ದರೆ ಧಾರಾಳವಾಗಿ ಮಾಡಿ, ಕ್ಯಾಬಿನೆಟ್ ಉಳಿಯುತ್ತದೆ. ಒಳಗೆ ಸರಿಯಿರುವ ಸೆಟ್‌ಗೆ ಹೀಗೆ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ. ಮಾಡಿದರೂ ಹಳೆ ಚಾಸಿಸ್ ಎಸೆಯಬೇಡಿ.

ಬಿಚ್ಚುವುದೇ ತೀರ್ಮಾನ ಆದರೆ ಅವಸರ ಬೇಡ. ಯಾರಿಗಾದರೂ ಅದೇ ಮಾಡೆಲ್‌ಗೆ ಗಾಜು, ಗುಂಡಿ ಬೇಕಿರುತ್ತದೆ, ಆದ್ದರಿಂದ ಆ ಎರಡನ್ನು ಮೊದಲು ಸುರಕ್ಷಿತವಾಗಿ ತೆಗೆಯಿರಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಮೇನ್ಸ್ ಟ್ರಾನ್ಸ್‌ಫಾರ್ಮರ್, ಗ್ಯಾಂಗ್ (ಸ್ಟೇಷನ್ ಹಿಡಿಯಲು ತಿರುಗುವ ಕಂಡೆನ್ಸರ್), ಐಎಫ್ ಡಬ್ಬಿಗಳು (ಒಳಗೆ ಕಾಯಿಲ್ ಇರುವ ಸಣ್ಣ ತಗಡಿನ ಡಬ್ಬಿಗಳು), ಬ್ಯಾಂಡ್ ಸ್ವಿಚ್, ವಾಲ್ವ್ ಸಾಕೆಟ್, ಸ್ಪೀಕರ್ ಎಲ್ಲಕ್ಕೂ ಗಿರಾಕಿ ಇದ್ದಾರೆ. ವೈರ್‌ಗಳನ್ನು ಬುಡಕ್ಕೆ ಕತ್ತರಿಸದೆ ಉದ್ದ ಬಿಡಿ. ವಾಲ್ವ್‌ಗಳಲ್ಲಿ ಇಎಲ್ 84, ಇಸಿಎಲ್ 82, 6ವಿ6 ಇಂಥ ಔಟ್‌ಪುಟ್ ವಾಲ್ವ್‌ಗಳಿಗೆ ಬೇಡಿಕೆ ಜಾಸ್ತಿ, ಯಾಕಂದರೆ ಗಿಟಾರ್ ಮತ್ತು ಆಡಿಯೊ ಆಂಪ್ಲಿಫೈಯರ್ ಕಟ್ಟುವವರಿಗೂ ಅವು ಬೇಕು. ಮ್ಯಾಜಿಕ್ ಐಗೂ ಬೇಡಿಕೆ ಇದೆ, ಆದರೆ ಬೆಳಕು ಮಂಕಾದದ್ದು ಮತ್ತೆ ಹೊಳೆಯುವುದಿಲ್ಲ.

ವಾಲ್ವ್ ಗಾಜಿನ ಒಳಗೆ ಬೆಳ್ಳಿಯಂಥ ಕಲೆ ಇದ್ದರೆ ಒಳ್ಳೆಯದು. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಒಳಗೆ ಹೋಗಿದೆ, ಎಸೆಯಿರಿ. ಒಂಬತ್ತು ಪಿನ್ನಿನ 'ಇ' ವಾಲ್ವ್‌ಗಳಲ್ಲಿ ಸಾಮಾನ್ಯವಾಗಿ 4 ಮತ್ತು 5ನೇ ಪಿನ್ ನಡುವೆ, ಎಂಟು ಪಿನ್ನಿನ ದೊಡ್ಡವುಗಳಲ್ಲಿ ಹೆಚ್ಚಾಗಿ 2 ಮತ್ತು 7ರ ನಡುವೆ ಮೀಟರ್ ಇಟ್ಟರೆ ಕೆಲವೇ ಓಮ್ ತೋರಿಸಬೇಕು. ಇಷ್ಟರಿಂದ ಫಿಲಮೆಂಟ್ ಇದೆ ಅಂತ ಮಾತ್ರ ಗೊತ್ತಾಗುತ್ತದೆ, ಶಕ್ತಿ ಎಷ್ಟು ಉಳಿದಿದೆ ಅಂತ ಅಲ್ಲ, ಮಾರುವಾಗಲೂ ಹಾಗೇ ಹೇಳಿ. ಗಾಜಿನ ಮೇಲಿನ ನಂಬರ್ ಉಜ್ಜಬೇಡಿ, ಬೆರಳು ತಾಗಿದರೂ ಅಳಿಯುತ್ತದೆ. ಒಂದು ಚೀಟಿಯಲ್ಲಿ ನಂಬರ್ ಬರೆದು ಬುಡಕ್ಕೆ ಕಟ್ಟಿ, ಉಳಿದ ತಗಡು, ತುಂಡು ವೈರ್ ಗುಜರಿಗೆ ಹಾಕಿ.